ಟ್ಯೂಷನ್‌ಗೆ ವೆಬ್‌ಸೈಟ್ ಬೇಕು, ಆದರೆ ಯಾರ ಹೆಸರಿನಲ್ಲಿ?

ಪರೀಕ್ಷೆಯ ಫಲಿತಾಂಶ ಬಂದರೆ ಸಾಕು, ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಕೋಚಿಂಗ್ ಬ್ಯಾನರ್‌ಗಳು ಏಳುತ್ತವೆ. ಅವುಗಳಲ್ಲಿ ದೊಡ್ಡ ಅಕ್ಷರದ ಹೆಸರು, ರ‍್ಯಾಂಕ್ ಬಂದವರ ಫೋಟೊ, ಒಂದು ಮೊಬೈಲ್ ನಂಬರ್ ಇರುತ್ತವೆ. ಫೀಸ್ ಎಷ್ಟು, ಪಾಠ ಮಾಡುವವರು ಏನು ಓದಿದ್ದಾರೆ, ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಬರುತ್ತದೆಯೇ ಎಂಬುದು ಮಾತ್ರ ಇರುವುದಿಲ್ಲ. ಮಸ್ಕಿಯಿಂದ ಮಗಳನ್ನು ಸಿಂಧನೂರಿಗೆ ಕಳಿಸಬೇಕೋ ಬೇಡವೋ ಎಂದು ಯೋಚಿಸುವ ತಂದೆ ಇಷ್ಟನ್ನು ತಿಳಿಯಲು ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಬೇಕು. ಅದು ಆಗದಿದ್ದರೆ ‘ಬೇಡ ಬಿಡು’ ಎನ್ನುತ್ತಾರೆ. ನಷ್ಟ ಆ ಹುಡುಗಿಗೆ.

ಆದ್ದರಿಂದ ಸಣ್ಣ ಟ್ಯೂಷನ್‌ಗೂ ವೆಬ್‌ಸೈಟ್ ಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಆಪಾ ಮನೆಯಲ್ಲೇ ಪಿಯುಸಿ ಹುಡುಗಿಯರಿಗೆ ಅಕೌಂಟೆನ್ಸಿ ಹೇಳಿಕೊಡುತ್ತಾರೆ. ಅವರಿಗಾಗಿ ಪ್ಲಾಟ್‌ಫಾರ್ಮ್ ಹುಡುಕುವಾಗ ನಾನು ಕಾಮರ್ಸ್ ವಿದ್ಯಾರ್ಥಿಯಾಗಿ ಮೊದಲು ಲೆಕ್ಕ ಹಾಕಿದೆ.

ನಮ್ಮ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಸಿದ್ಧ ಕೋಚಿಂಗ್ ಆ್ಯಪ್. ಲೈವ್ ಕ್ಲಾಸ್, ಟೆಸ್ಟ್, ಫೀಸ್ ಎಲ್ಲ ಅದರಲ್ಲೇ ಇರುತ್ತವೆ. ಬದಲಿಗೆ ವರ್ಷಕ್ಕಿಷ್ಟು ಹಣ ಅಥವಾ ಫೀಸಿನಲ್ಲಿ ಪಾಲು ಕೇಳುತ್ತಾರೆ. ಎರಡನೆಯದು ಗೂಗಲ್ ಸೈಟ್ಸ್. ಜಿಮೇಲ್ ಖಾತೆ ಇದ್ದರೆ ಉಚಿತ. ಅದರಲ್ಲಿ ಫೀಸ್ ಕಟ್ಟುವ ವ್ಯವಸ್ಥೆ ಇಲ್ಲ, ಆದರೆ ಯೂಟ್ಯೂಬ್ ಪಾಠ, ಗೂಗಲ್ ಫಾರ್ಮ್ ಸೇರಿಸಬಹುದು. ಮೂರನೆಯದು 2003ರಿಂದ ಇರುವ ವರ್ಡ್‌ಪ್ರೆಸ್. ಸಾಫ್ಟ್‌ವೇರ್ ಉಚಿತ, ಹೋಸ್ಟಿಂಗ್‌ಗೆ ಹಣ ಕೊಡಬೇಕು, ಅಪ್‌ಡೇಟ್ ನಾವೇ ನೋಡಿಕೊಳ್ಳಬೇಕು. ಬೇಡವಾದರೆ ನಮ್ಮ ಬರಹಗಳನ್ನೆಲ್ಲ ಇಳಿಸಿಕೊಂಡು ಇನ್ನೊಂದು ಕಡೆಗೆ ಹೋಗಬಹುದು.

ಉದಾಹರಣೆಗೆ 40 ವಿದ್ಯಾರ್ಥಿಗಳು ತಿಂಗಳಿಗೆ 500 ರೂಪಾಯಿ ಕೊಡುತ್ತಾರೆ ಎನ್ನೋಣ. ಒಟ್ಟು 20,000. ಯಾರಾದರೂ ಶೇ. 10 ಪಾಲು ಕೇಳಿದರೆ ತಿಂಗಳಿಗೆ 2,000, ಹತ್ತು ತಿಂಗಳಿಗೆ 20,000. ಅಂದರೆ ಒಂದು ತಿಂಗಳ ದುಡಿಮೆ ಪೂರ್ತಿ ಹೋಯಿತು. ವಿದ್ಯಾರ್ಥಿಗಳು ಹೆಚ್ಚಿದಷ್ಟೂ ಈ ಖರ್ಚು ಹೆಚ್ಚುತ್ತದೆ. ಸ್ವಂತ ಸೈಟ್‌ನ ಖರ್ಚು ಹಾಗಲ್ಲ, 40 ಜನರಿದ್ದರೂ 80 ಜನರಿದ್ದರೂ ಹೆಚ್ಚು ಬದಲಾಗುವುದಿಲ್ಲ. ಬದಲಾಗುವ ವೆಚ್ಚ, ಸ್ಥಿರ ವೆಚ್ಚ ಎಂದು ನಾವು ಕ್ಲಾಸಿನಲ್ಲಿ ಓದುವುದು ಇದನ್ನೇ. ಫೀಸ್ ಪಡೆಯಲು ಯುಪಿಐ ಇದ್ದೇ ಇದೆ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಗಳಿಗೆ ಎಂಡಿಆರ್ ಶುಲ್ಕವಿಲ್ಲ.

ಹಣಕ್ಕಿಂತ ಮುಖ್ಯವಾದದ್ದು ಹೆಸರು. 1915ರಲ್ಲಿ ಮಸ್ಕಿಯ ಶಾಸನ ಸಿಗುವವರೆಗೆ ಇತರ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತು, ಅಶೋಕ ಎಂಬ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಹೆಸರು ಇದ್ದುದರಿಂದಲೇ ಅವನಾರೆಂದು ಖಚಿತವಾಯಿತು. ನಮ್ಮ ತಾಲ್ಲೂಕಿನ ಪಾಠ ಇದು: ಸ್ವಂತ ಹೆಸರು ಕೆತ್ತಿಸಿಕೊಳ್ಳಿ. ಆ್ಯಪ್ ಕಂಪನಿಯ ವಿಳಾಸದಡಿ ಕುಳಿತರೆ ಪೋಷಕರಿಗೆ ನೆನಪಿರುವುದು ಕಂಪನಿ. ಕಂಪನಿ ದೊಡ್ಡದಾದರೆ ಭಯವಿಲ್ಲ ಎನ್ನುವಂತೆಯೂ ಇಲ್ಲ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಬಾಳುತ್ತಿದ್ದ ಬೆಂಗಳೂರಿನ ಬೈಜೂಸ್ ವಿರುದ್ಧ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಡೊಮೇನ್ ನಮ್ಮ ಹೆಸರಿನಲ್ಲಿದ್ದರೆ ಪ್ಲಾಟ್‌ಫಾರ್ಮ್ ಬದಲಾದರೂ ವಿಳಾಸ ಬದಲಾಗುವುದಿಲ್ಲ.

‘ವಾಟ್ಸ್‌ಆ್ಯಪ್ ಗ್ರೂಪ್ ಸಾಲದೇ?’ ಎಂದು ಹಲವು ಶಿಕ್ಷಕರು ಕೇಳುತ್ತಾರೆ. ಈಗಾಗಲೇ ಸೇರಿದವರಿಗೆ ಖಂಡಿತ ಸಾಕು. ಆದರೆ ಗ್ರೂಪ್ ಎಂದರೆ ಒಳಕೋಣೆ. ಹೊರಗೆ ನಿಂತವರಿಗೆ ಬಾಗಿಲು ಬೇಕು.

ಆ ಬಾಗಿಲಲ್ಲಿ ಏನು ಬರೆಯಬೇಕು? ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಶಿಕ್ಷಕರ ವಿದ್ಯಾರ್ಹತೆ, ಕೋರ್ಸ್, ಅವಧಿ, ಫೀಸ್, ಹಣ ವಾಪಸಾತಿಯ ನಿಯಮ ಇವೆಲ್ಲ ವೆಬ್‌ಸೈಟ್‌ನಲ್ಲಿ ಇರಬೇಕು ಎಂದು ಅದು ಹೇಳುತ್ತದೆ. ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ. ಆದರೂ ಹತ್ತು ಮಂದಿಯ ಟ್ಯೂಷನ್‌ಗೂ ಇದಕ್ಕಿಂತ ಒಳ್ಳೆಯ ಪಟ್ಟಿ ಬೇಕಿಲ್ಲ. ಮಕ್ಕಳ ಫೋಟೊ ಮಾತ್ರ ಯೋಚಿಸಿ ಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ನಾವೆಲ್ಲ ಮಕ್ಕಳೇ, ನಮ್ಮ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು.

ಭಾಷೆಯನ್ನೂ ಮರೆಯಬಾರದು. ನಮ್ಮ ಅಮ್ಮಿ ಉರ್ದು ಸರಾಗವಾಗಿ ಓದುತ್ತಾರೆ, ಕನ್ನಡ ನಿಧಾನ, ಇಂಗ್ಲಿಷ್ ಬರುವುದಿಲ್ಲ. ಫೀಸಿನ ಹಣ ಕೂಡಿಡುವವರು ಅವರೇ. ಹಾಗಾಗಿ ಪ್ಲಾಟ್‌ಫಾರ್ಮ್ ಆರಿಸುವ ಮೊದಲು ಒಂದು ಕನ್ನಡ ಪ್ಯಾರಾ, ಬಲದಿಂದ ಎಡಕ್ಕೆ ಸಾಗುವ ಒಂದು ಉರ್ದು ಪ್ಯಾರಾ ಹಾಕಿ, ಕಡಿಮೆ ಬೆಲೆಯ ಫೋನಿನಲ್ಲಿ ತೆರೆದು ನೋಡಬೇಕು. ಅಕ್ಷರ ಒಡೆದರೆ, ಪುಟ ತೆರೆಯಲು ತಡವಾದರೆ ಅದು ನಮಗಲ್ಲ.

ನನ್ನ ಸಲಹೆ ಇಷ್ಟು: ಸ್ವಂತ ಡೊಮೇನ್ ಕೊಂಡು, ಗೂಗಲ್ ಸೈಟ್ಸ್‌ಗೆ ಜೋಡಿಸಿ ಒಂದೇ ಪುಟದಿಂದ ಆರಂಭಿಸಿ. ವಿದ್ಯಾರ್ಥಿಗಳು ಹೆಚ್ಚಾದಾಗ ಅದೇ ಹೆಸರಿನಲ್ಲಿ ವರ್ಡ್‌ಪ್ರೆಸ್‌ಗೆ ಹೋಗಿ. ಆ್ಯಪ್‌ಗೆ ಒಂದು ವರ್ಷದ ಹಣ ಮುಂಗಡ ಕೊಡುವ ಮೊದಲು ‘ಬಿಟ್ಟು ಹೋದರೆ ನಮ್ಮ ಪಾಠ, ನಮ್ಮ ಪಟ್ಟಿ ನಮಗೆ ಸಿಗುತ್ತದೆಯೇ?’ ಎಂದು ಬರವಣಿಗೆಯಲ್ಲಿ ಕೇಳಿ.

ಗೆಳೆಯ ಗೆಳತಿಯರೇ, ನಿಮ್ಮ ಓಣಿಯಲ್ಲಿ ಮನೆಯಲ್ಲೇ ಪಾಠ ಹೇಳುವ ಆಪಾ, ಅಕ್ಕ, ಸರ್ ಯಾರಾದರೂ ಇದ್ದರೆ ಈ ರಜೆಯಲ್ಲಿ ಅವರ ಪುಟ ಮಾಡಿಕೊಡಿ. ಫೀಸನ್ನು ಮೊದಲ ಸಾಲಿನಲ್ಲೇ ಬರೆಯಿರಿ.