ಎಣ್ಣೆ ಗುಳಿಗೆ ನುಂಗುವ ಮುನ್ನ...

"ಮಗಳು ಬೆಂಗಳೂರಿಂದ ತಂದುಕೊಟ್ಟಾಳ. ಇದನ್ನ ನುಂಗಿದ್ರ ಬಿ.ಪಿ. ಗುಳಿಗಿ ಬ್ಯಾಡಂತ" ಎನ್ನುತ್ತಾ ಕೊಳಗಲ್ಲಿನ ಹಿರಿಯ ಗೃಹಿಣಿಯೊಬ್ಬರು ಡಬ್ಬಿಯೊಂದನ್ನು ಮುಂದಿಟ್ಟರು. ಒಳಗೆ ಹೊನ್ನಿನ ಬಣ್ಣದ ಎಣ್ಣೆ ಗುಳಿಗೆಗಳು. ಮೇಲೆ 'ಒಮೆಗಾ-3, ಮೀನೆಣ್ಣೆ' ಎಂದಿತ್ತು. ಆಕೆಯೋ ಹುಟ್ಟಾ ಶಾಕಾಹಾರಿ! ಅದಕ್ಕಿಂತ ಗಾಬರಿಯ ಸಂಗತಿಯೆಂದರೆ, ಎರಡು ವಾರದಿಂದ ಬಿ.ಪಿ. ಮಾತ್ರೆ ಬಿಟ್ಟೇಬಿಟ್ಟಿದ್ದರು.

ಮಗಳ ಕಾಳಜಿ ತಪ್ಪಲ್ಲ. ತಪ್ಪಾಗಿರುವುದು ತಿಳುವಳಿಕೆ. 'ನ್ಯಾಚುರಲ್' ಎಂದು ಬರೆದದ್ದೆಲ್ಲ ನಿರಪಾಯಕಾರಿ, ಒಳ್ಳೆಯದಾದದ್ದೆಲ್ಲ ಔಷಧಿ ಎಂದು ನಾವು ನಂಬಿಬಿಡುತ್ತೇವೆ.

ಒಮೆಗಾ-3 ಎಂದರೆ ದೇಹಕ್ಕೆ ಬೇಕಾದ ಒಂದು ಬಗೆಯ ಕೊಬ್ಬಿನಾಮ್ಲ. ಇದರ ಮೂಲರೂಪವಾದ ಎಎಲ್‌ಎಯನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಅಗಸಿ, ಅಕ್ರೋಟುಗಳಲ್ಲಿ ಅದು ಧಾರಾಳ. ಇಪಿಎ, ಡಿಎಚ್‌ಎ ಎಂಬ ಇನ್ನೆರಡು ರೂಪಗಳು ಬಂಗುಡೆ, ಬೂತಾಯಿಯಂಥ ಸಮುದ್ರದ ಮೀನಿನಲ್ಲಿವೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ನಮಗೆ ಸಮುದ್ರದ ಮೀನು ದೂರ. ಆದರೆ ಅಗಸಿ ಹಿಂಡಿ ದೂರವೇ? ಜೋಳದ ರೊಟ್ಟಿ, ಮೊಸರು, ಪಕ್ಕದಲ್ಲಿ ಒಂದಿಷ್ಟು ಹಿಂಡಿ. ಒಂದು ದೊಡ್ಡ ಚಮಚ, ಅಂದರೆ ಸುಮಾರು 7 ಗ್ರಾಂ ಅಗಸಿ ಪುಡಿಯಲ್ಲಿ 1.6 ಗ್ರಾಂನಷ್ಟು ಎಎಲ್‌ಎ ಇರುತ್ತದೆ. ಹೆಣ್ಣುಮಕ್ಕಳಿಗೆ ದಿನಕ್ಕೆ 1.1 ಗ್ರಾಂ, ಗರ್ಭಿಣಿಯರಿಗೆ 1.4 ಗ್ರಾಂ ಸಾಕೆಂದು ಅಮೆರಿಕದ ಪೌಷ್ಟಿಕ ಮಾನದಂಡ ಹೇಳುತ್ತದೆ. ಜೊತೆಗೆ ನಾರಿನಂಶ ಬೇರೆ. ಆ ತಾಯಿಯ ಅಡಿಗೆಮನೆಯ ಗೂಡಿನಲ್ಲೂ ಹಿಂಡಿಯ ಡಬ್ಬಿ ಇತ್ತು, ಅದರ ಬೆಲೆ ಯಾರಿಗೂ ತಿಳಿದಿರಲಿಲ್ಲ ಅಷ್ಟೆ.

ಹಾಗಂತ ಅಗಸಿಯನ್ನೂ ಸಂಜೀವಿನಿ ಮಾಡುವುದು ಬೇಡ. ಅದರಲ್ಲಿರುವ ಎಎಲ್‌ಎ ನಮ್ಮ ದೇಹದಲ್ಲಿ ಇಪಿಎ, ಡಿಎಚ್‌ಎ ಆಗಿ ಬದಲಾಗುವುದು ಬಹಳ ಸ್ವಲ್ಪ. ಗರ್ಭಿಣಿಯರಿಗೆ ಡಿಎಚ್‌ಎ ಬೇಕೆಂದು ವೈದ್ಯರು ಹೇಳಿದರೆ ಆ ಮಾತು ಕೇಳಬೇಕು. ಸಮುದ್ರ ಪಾಚಿಯಿಂದ ತೆಗೆದ ಶಾಕಾಹಾರಿ ಡಿಎಚ್‌ಎ ಕೂಡ ಸಿಗುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ವಿಪರೀತ ಏರಿದವರಿಗೂ ವೈದ್ಯರು ಒಮೆಗಾ-3 ಬರೆದುಕೊಡುವುದುಂಟು. ಆದರೆ ಎಲ್ಲರೂ ನುಂಗಿದರೆ ಹಾರ್ಟ್ ಅಟ್ಯಾಕ್ ತಪ್ಪೀತೇ? ಅಮೆರಿಕದಲ್ಲಿ ಸುಮಾರು 26 ಸಾವಿರ ಜನರ ಮೇಲೆ ಐದು ವರ್ಷ ನಡೆದ 'ವೈಟಲ್' ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ದಿನಕ್ಕೆ 1 ಗ್ರಾಂ ಮೀನೆಣ್ಣೆ ಗುಳಿಗೆಯಿಂದ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ತೊಂದರೆಗಳು ಒಟ್ಟಾರೆ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಬಿ.ಪಿ. ಮಾತ್ರೆಯ ಜಾಗವನ್ನಂತೂ ಇದು ತುಂಬುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಈ ಕೆಲವು ಮಾತು ನೆನಪಿರಲಿ.

* ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ನೀವಾಗಿ ನಿಲ್ಲಿಸಬೇಡಿ.

* ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್‌ನಂಥ ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಎಣ್ಣೆ ಗುಳಿಗೆ ಮುಟ್ಟಬೇಡಿ. ಆಪರೇಷನ್ ಇದ್ದರೆ, ಹಲ್ಲು ಕೀಳಿಸುವುದಿದ್ದರೆ ಮೊದಲೇ ತಿಳಿಸಿ.

* ಹೆಚ್ಚು ನುಂಗಿದರೆ ಹೆಚ್ಚು ಲಾಭ ಎಂದೇನಿಲ್ಲ. ದೊಡ್ಡ ಪ್ರಮಾಣದ ಮೀನೆಣ್ಣೆಯಿಂದ ಕೆಲವರಲ್ಲಿ ಹೃದಯದ ಬಡಿತ ಏರುಪೇರಾಗುವ ಅಪಾಯ ಹೆಚ್ಚುತ್ತದೆ. ಮೀನು ವಾಸನೆಯ ತೇಗು, ಹೊಟ್ಟೆ ತೊಳಸುವುದು, ಭೇದಿ ಸಾಮಾನ್ಯ ತೊಂದರೆಗಳು.

* ಕಾಡ್ ಲಿವರ್ ಎಣ್ಣೆಯಲ್ಲಿ 'ಎ' ಜೀವಸತ್ವ ಜಾಸ್ತಿ. ಗರ್ಭಿಣಿಯರಿಗೆ ಅದು ಬೇಡ.

* ಡಬ್ಬಿಯ ಮೇಲೆ '1000 ಮಿ.ಗ್ರಾಂ' ಎಂದಿದ್ದರೆ ಅದು ಒಟ್ಟು ಎಣ್ಣೆಯ ತೂಕ. ಸಾಮಾನ್ಯ ಗುಳಿಗೆಯಲ್ಲಿ ಇಪಿಎ ಸುಮಾರು 180, ಡಿಎಚ್‌ಎ 120 ಮಿ.ಗ್ರಾಂ ಇರುತ್ತದೆ. ಸಣ್ಣ ಅಕ್ಷರ ಓದಿ. ಹಸಿರು ಗುರುತು, ಮುಗಿಯುವ ದಿನಾಂಕ ನೋಡಿ.

* ಅಗಸಿಯನ್ನು ಹಸಿಯಾಗಿ ಮುಕ್ಕಬೇಡಿ. ಹದವಾಗಿ ಹುರಿದು ಪುಡಿ ಮಾಡಿ. ಇಡೀ ಕಾಳು ಜೀರ್ಣವಾಗದೆ ಹಾಗೇ ಹೊರಬೀಳುತ್ತದೆ. ದಿನಕ್ಕೆ ಒಂದು ಚಮಚ ಸಾಕು, ಜೊತೆಗೆ ನೀರು ಚೆನ್ನಾಗಿ ಕುಡಿಯಿರಿ. ಥೈರಾಯ್ಡ್ ಮತ್ತಿತರ ಮಾತ್ರೆಗಳ ಜೊತೆಗೇ ತಿನ್ನದೆ ಕೆಲವು ತಾಸು ಅಂತರವಿಡಿ. ಬಸುರಿ, ಬಾಣಂತಿಯರು ಊಟದ ರುಚಿಗಷ್ಟೇ ಬಳಸಲಿ, ಔಷಧಿಯಂತೆ ಹೆಚ್ಚು ತಿನ್ನುವುದು ಬೇಡ.

* ಪುಡಿ ಬೇಗ ಕಮಟು ಹಿಡಿಯುತ್ತದೆ. ನಮ್ಮ ಬಿಸಿಲಿಗಂತೂ ಕೇಳುವುದೇ ಬೇಡ! ವಾರಕ್ಕಾಗುವಷ್ಟೇ ಕುಟ್ಟಿ, ಮುಚ್ಚಳ ಬಿಗಿಯಾಗಿ ಹಾಕಿಡಿ. ಹಿಂಡಿಗೆ ಉಪ್ಪು ಮಾತ್ರ ಹಿಡಿತದಲ್ಲಿರಲಿ. ಬಿ.ಪಿ. ಇದ್ದವರಿಗೆ ಇದು ಮುಖ್ಯ.

ಆ ತಾಯಿ ಮರುದಿನವೇ ಡಬ್ಬಿ ಸಮೇತ ವೈದ್ಯರ ಹತ್ತಿರ ಹೋದರು. ಬಿ.ಪಿ. ಏರಿತ್ತು, ಹಳೆಯ ಮಾತ್ರೆ ಮತ್ತೆ ಶುರುವಾಯಿತು. ಬೇರೆ ಅನಾಹುತ ಆಗಲಿಲ್ಲ, ಪುಣ್ಯ. ದೂರದಲ್ಲಿರುವ ಹೆಣ್ಣುಮಕ್ಕಳೇ, ಅಮ್ಮನಿಗೆ ಡಬ್ಬಿ ಕಳಿಸುವ ಮುಂಚೆ ಒಂದು ಫೋನ್ ಮಾಡಿ. "ಯಾವ ಯಾವ ಗುಳಿಗಿ ತಗೋತಿ ಅವ್ವಾ?" ಎಂದು ಕೇಳಿ. ನಿಮ್ಮ ಪ್ರೀತಿ ಆಕೆಗೆ ಅಪಾಯ ತರಬಾರದಲ್ಲವೇ?