ಅರಿಸಿನದ ದುಡ್ಡಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಬೇಡ

ಹರವೆ ಸುತ್ತಮುತ್ತ ಅರಿಸಿನ ಮಾರಿದ ದುಡ್ಡಲ್ಲೋ ಸಂಘದ ಸಾಲದಲ್ಲೋ ಮಕ್ಕಳಿಗೆ ಕಂಪ್ಯೂಟರ್ ಕೊಡಿಸಲು ಹೊರಟವರಿಗೆ ನಾವು ಹೇಳುವುದಿಷ್ಟೇ: ಮನೆಯಲ್ಲೇ ಇಡುವುದಾದರೆ ಡೆಸ್ಕ್‌ಟಾಪ್ ತನ್ನಿ.

‘ಕರೆಂಟ್ ಹೋದರೂ ಓಡುತ್ತೆ’ ಅನ್ನುವುದು ಅರ್ಧ ಸತ್ಯ. ಗೇಮ್ ಹಾಕಿದರೆ ಗೇಮಿಂಗ್ ಲ್ಯಾಪ್‌ಟಾಪಿನ ಬ್ಯಾಟರಿ ಎರಡು ಗಂಟೆ ಬರುವುದೂ ಕಷ್ಟ, ವೇಗವೂ ಇಳಿಯುತ್ತದೆ. ಡೆಸ್ಕ್‌ಟಾಪಿಗೆ ಯುಪಿಎಸ್ ಇದ್ದರೆ ಮಾಡಿದ ಕೆಲಸ ಉಳಿಸಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಕೀಬೋರ್ಡ್ ಕೆಟ್ಟರೆ ಕೆಲವು ನೂರು ರೂಪಾಯಿಗೆ ಹೊಸದು ಬರುತ್ತದೆ. ಗ್ರಾಫಿಕ್ಸ್ ಕಾರ್ಡನ್ನು ಮುಂದೆ ಬೇಕಾದಾಗ ಹಾಕಿಸಬಹುದು. ಲ್ಯಾಪ್‌ಟಾಪಿನಲ್ಲಿ ಅದು ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತದೆ. ಕೆಟ್ಟರೆ ಬೋರ್ಡಿನ ಖರ್ಚೇ ಬೀಳಬಹುದು.

ಮೈಸೂರಿನ ಹಾಸ್ಟೆಲ್ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಬೇಕು, ಒಪ್ಪುತ್ತೇವೆ. ಸಾದಾದು ಸಾಕು. ನುಡಿಯಲ್ಲಿ ಟೈಪ್ ಮಾಡಲು, ಟ್ಯಾಲಿ ಕಲಿಯಲು ಬಣ್ಣದ ದೀಪದ ಕೀಲಿಗಳು ಬೇಕಿಲ್ಲ. ಕಂತು ಕಟ್ಟುವವರು ನಾವು, ಅಂಗಡಿಯವರಲ್ಲ.