ಊರಿಗೊಂದು ಹಾಡಿನ ಮೇಳ

ಸನ್ 2022ರ ಅಕ್ಟೋಬರ 28ರಂದು ರಾಜ್ಯ ಸರಕಾರವು ನಡೆಸಿದ 'ಕೋಟಿ ಕಂಠ ಗಾಯನ'ವು ವಾಚಕರ ನೆನಪಿನಲ್ಲಿರಬಹುದು. ಅಂದು ನಾಡಿನ ಮೂಲೆಮೂಲೆಗಳಲ್ಲಿ ಶಾಲೆಯ ಮಕ್ಕಳೂ ಕಚೇರಿಯ ನೌಕರರೂ ಸಾಮಾನ್ಯ ಜನರೂ ಒಂದೇ ಹೊತ್ತಿಗೆ ನಿಂತು, ನಾಡಗೀತೆಯೂ ಸೇರಿ ಆರು ಕನ್ನಡ ಗೀತೆಗಳನ್ನು ಹಾಡಿದರು. ಉದ್ದೇಶವು ಶ್ಲಾಘ್ಯವಾದದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ನಾವು ಕೇಳಬೇಕಾದ ಪ್ರಶ್ನೆಯು ಬೇರೆಯಾಗಿದೆ. ಒಂದು ದಿನ ತೆರೆದ ಆ ಕಂಠಗಳು ಮರುದಿನ ಏನು ಮಾಡಿದವು? ವರುಷದ ಉಳಿದ ಮುನ್ನೂರ ಅರವತ್ತನಾಲ್ಕು ದಿನ ನಮ್ಮ ಊರುಗಳಲ್ಲಿ ಹಾಡುವವರಾರು, ಹಾಡಿಸುವವರಾರು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳ ಜಾತ್ರೆ-ಮದುವೆಗಳನ್ನು ಕಂಡವರಿಗೆ ಇದರ ಉತ್ತರವು ಗೊತ್ತಿದ್ದದ್ದೇ. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಪೆಟ್ಟಿಗೆಗಳನ್ನು ಹೇರಿ, ಎಲ್ಲಿಯೋ ಯಾರೋ ಹಾಡಿದ ಚಿತ್ರಗೀತೆಗಳನ್ನು ಕಲಸಿ, ಗೋಡೆಗಳು ನಡುಗುವಂತೆ ಮೊಳಗಿಸುವ 'ಡಿಜೆ' ಎಂಬುದು ಬಂದ ಮೇಲೆ, ಮೆರವಣಿಗೆಯ ಮುಂದೆ ಕರಡಿ ಮಜಲಿಗೆ ಸ್ಥಳವಿಲ್ಲ, ಶಹನಾಯಿಗೆ ಉಸಿರಿಲ್ಲ, ಭಜನೆಯವರಿಗೆ ಕೇಳುವವರಿಲ್ಲ. ಹಾಡುವ ಊರು ಹೀಗೆ ಕೇಳುವ ಊರಾಯಿತು. ಈಗ ಕೇಳುವ ಊರೂ ಅಲ್ಲ, ಕಿವಿ ಮುಚ್ಚಿಕೊಳ್ಳುವ ಊರಾಗಿದೆ. ಶಬ್ದ ಮಾಲಿನ್ಯವನ್ನು ಕುರಿತು ಸನ್ 2000ದಲ್ಲಿ ಆದ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳ ಮೇರೆಯಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸಕೂಡದು. ನಿಯಮವು ಕಾಗದದ ಮೇಲೆ ಇದ್ದೇ ಇದೆ. ಆದರೆ ಬರಿಯ ನಿಷೇಧದಿಂದ ಊರಿಗೆ ಹಾಡು ಬರಲಾರದು. ಕೆಟ್ಟದ್ದನ್ನು ತೆಗೆದ ಸ್ಥಳದಲ್ಲಿ ಒಳಿತನ್ನು ಇಡದಿದ್ದರೆ ಕೆಟ್ಟದ್ದೇ ಮರಳಿ ಬರುವದು ಲೋಕದ ರೂಢಿ.

ಆ ಒಳಿತು ಯಾವದೆಂಬುದನ್ನು ಸ್ಪಷ್ಟವಾಗಿ ಹೇಳುವೆವು. ತುಬಚಿಯಂಥ ಒಂದೊಂದು ಊರಿನಲ್ಲಿಯೂ, ಗಂಡಸರೂ ಹೆಂಗಸರೂ ಕೂಡಿ, ಜಾತಿಮತಗಳ ಭೇದವಿಲ್ಲದೆ ಮೂವತ್ತು-ನಾಲ್ವತ್ತು ಜನರ ಒಂದು ಹಾಡಿನ ಮೇಳವು ನಿಲ್ಲಬೇಕು. ಅದು ಹಳೆಯ ಪದಗಳ ಜೊತೆಗೆ ಇಂದಿನ ಕವಿಗಳು ಇಂದಿನ ಬದುಕನ್ನು ಕುರಿತು ಬರೆದ ಹೊಸ ಹಾಡುಗಳನ್ನೂ ಹಾಡಬೇಕು. ಊರಿನ ಬ್ಯಾಂಡಿನವರು, ಕರಡಿಯವರು, ಪೇಟಿ-ತಬಲಾದವರು ಅದಕ್ಕೆ ಜೊತೆಗೊಡಬೇಕು. ಹಾಡಿದ್ದನ್ನು ಮುದ್ರಿಸಿಕೊಂಡು ಲೋಕಕ್ಕೆ ಕೇಳಿಸಬೇಕು.

ಇದು ಪರದೇಶದಿಂದ ತಂದ ಹೊಸ ಹುಚ್ಚೆಂದು ಯಾರೂ ತಿಳಿಯಬಾರದು. ಸಾಮೂಹಿಕ ಗಾನವು ಈ ಸೀಮೆಯ ರಕ್ತದಲ್ಲಿಯೇ ಇದೆ. ಭಜನಾ ಮೇಳದಲ್ಲಿ ಒಬ್ಬನು ಎತ್ತಿಕೊಟ್ಟ ನುಡಿಯನ್ನು ಹತ್ತು ಜನರು ಹಿಡಿಯುತ್ತಾರೆ. ಗೀಗಿಯ ಹಾಡುಗಾರನಿಗೆ ಹಿಮ್ಮೇಳದವರ 'ಗೀಯ ಗೀ' ಇಲ್ಲದೆ ಹಾಡು ಮುಂದೆ ಸಾಗದು. ಡೊಳ್ಳಿನ ಪದ, ಮೊಹರಮ್ಮಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಹಾಡುವ ರಿವಾಯತ, ಹೆಣ್ಣುಮಕ್ಕಳ ಸೋಬಾನೆ ಹಾಗೂ ಬೀಸುವ ಪದ, ಶ್ರೀಕೃಷ್ಣಪಾರಿಜಾತದ ಮೇಳ ಇವೆಲ್ಲವೂ ಕೂಡಿ ಹಾಡುವ ವಿದ್ಯೆಗಳೇ. ಹಲಸಂಗಿಯ ಗೆಳೆಯರು ಸನ್ 1931ರಲ್ಲಿ 'ಗರತಿಯ ಹಾಡು' ಸಂಗ್ರಹವನ್ನು ಹೊರತಂದಾಗ, ಅಕ್ಷರ ಬಾರದ ನಮ್ಮ ತಾಯಂದಿರ ಬಾಯಲ್ಲಿ ಎಂಥ ಕಾವ್ಯವಿತ್ತೆಂಬುದು ಓದುಬಲ್ಲವರಿಗೆಲ್ಲ ತಿಳಿಯಿತು. ಬೀಸುಕಲ್ಲು ಹೋಯಿತು, ಅದರ ಬೆನ್ನಹಿಂದೆ ಹಾಡೂ ಹೋಯಿತು. ಕೆಲಸದ ಜೊತೆಗೆ ಹುಟ್ಟಿದ ಹಾಡು ಕೆಲಸವು ಬದಲಾದಾಗ ಸಾಯುವದು ಸಹಜವೇ. ಹೊಸ ಕೆಲಸಕ್ಕೆ ಹೊಸ ಹಾಡು ಹುಟ್ಟದಿರುವದೇ ನಮ್ಮ ಚಿಂತೆಯ ವಿಷಯವು.

ಇನ್ನು ಹಾಡಿನ ಮುದ್ರಣಕ್ಕೆ ಬರೋಣ. ಈ ವಿಷಯದಲ್ಲಿ ನಮ್ಮ ಬೀಳಗಿಯಷ್ಟು ಅಭಿಮಾನಪಡತಕ್ಕ ಊರು ಇಡಿಯ ದೇಶದಲ್ಲಿಯೇ ವಿರಳ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಯ ಚಿತ್ರಪಟಗಳಲ್ಲಿ ಹಾಡಿ, ತಮ್ಮ ನಾಡಿನ ಹೆಸರನ್ನೇ ಅಡ್ಡಹೆಸರನ್ನಾಗಿ ಧರಿಸಿ ದೇಶಕ್ಕೆಲ್ಲ ಬೇಕಾದವರಾದರು. ಸನ್ 1943ರ 'ಕಿಸ್ಮತ್' ಚಿತ್ರದಲ್ಲಿ ಅನಿಲ ಬಿಸ್ವಾಸರು ಸ್ವರ ಹಾಕಿ, ಕವಿ ಪ್ರದೀಪರು ಬರೆದ, ಪರಕೀಯರಿಗೆ ನಮ್ಮ ದೇಶದಿಂದ ದೂರ ಸರಿಯಿರೆಂದು ಹೇಳುವ ಗೀತವನ್ನು ಅಮೀರಬಾಯಿಯವರೂ ಖಾನ ಮಸ್ತಾನರೂ ಮೇಳದೊಡನೆ ಹಾಡಿದರು. ಮೇಲ್ನೋಟಕ್ಕೆ ಅದು ಜರ್ಮನಿ-ಜಪಾನಗಳಿಗೆ ಹೇಳಿದ ಮಾತಾಗಿತ್ತು; ಆದ್ದರಿಂದಲೇ ಪರಿಶೀಲಕರ ಕತ್ತರಿಯಿಂದ ಪಾರಾಯಿತು. ಕೇಳಿದ ಜನರಿಗೆ ಮಾತ್ರ ಅದು ಯಾರಿಗೆ ಹೇಳಿದ ಮಾತೆಂಬುದು ತಿಳಿಯದೆ ಹೋಗಲಿಲ್ಲ. ಆ ಹಾಡು ಅಂದಿಗೆ ಹೊಚ್ಚಹೊಸದು. ಅದಕ್ಕೆ ಸಮೂಹವಿತ್ತು, ವಾದ್ಯವೃಂದವಿತ್ತು, ಮುದ್ರಣವಿತ್ತು. ನಾವು ಇಂದು ಕೇಳುವ ಮೂರೂ ಅಂಗಗಳು ಬೀಳಗಿಯ ಒಬ್ಬ ಹೆಣ್ಣುಮಗಳ ಕಂಠದಲ್ಲಿ ಎಂಟು ದಶಕಗಳ ಹಿಂದೆಯೇ ಕೂಡಿದ್ದವು. ಆದರೆ ಅದಕ್ಕಾಗಿ ಅವರು ಮುಂಬಯಿಗೆ ಹೋಗಬೇಕಾಯಿತು. ಇಂದು ಹಾಗೆ ಹೋಗಬೇಕಾದ ಕಾರಣವಿಲ್ಲ.

ಹಾಡು ಜನರನ್ನು ಒಂದುಗೂಡಿಸಿದ ನಿದರ್ಶನಗಳು ನಮ್ಮ ಚರಿತ್ರೆಯಲ್ಲಿ ಸಾಕಷ್ಟಿವೆ. ಸನ್ 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನೆರೆದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ಗೀತವು ಮೊಳಗಿತು; ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಿಕೆಯರಲ್ಲಿ ಮುಂದೆ ಜಗದ್ವಿಖ್ಯಾತರಾದ ಗಂಗೂಬಾಯಿ ಹಾನಗಲ್ಲರೂ ಇದ್ದರು. ಮುರಗೋಡಿನ ಹುಕ್ಕೇರಿ ಬಾಳಪ್ಪನವರು ಹಾಡಿನಿಂದಲೇ ಹಳ್ಳಿಗಳನ್ನು ಎಬ್ಬಿಸಿದರು. ಸನ್ 1958ರಲ್ಲಿ ಕಲಕತ್ತೆಯಲ್ಲಿ, 1971ರಲ್ಲಿ ಮದ್ರಾಸಿನಲ್ಲಿ ತರುಣರ ಗಾನವೃಂದಗಳು ಹುಟ್ಟಿ, ದೇಶದ ಹಲವು ಭಾಷೆಗಳ ಹೊಸ ಹಾಡುಗಳನ್ನು ಜನರ ಬಾಯಿಗೆ ತಂದವು. ಹೊರದೇಶದ ಮಾತು ಬೇಕಾದರೆ, ಎಸ್ತೋನಿಯವೆಂಬ ಚಿಕ್ಕ ನಾಡನ್ನು ನೋಡಬಹುದು. ಅಲ್ಲಿಯ ಜನರು 1869ರಿಂದಲೇ ಗಾನೋತ್ಸವಗಳನ್ನು ನಡೆಸುತ್ತ ಬಂದವರು, 1988ರಲ್ಲಿ ಬಯಲಿನಲ್ಲಿ ಲಕ್ಷಗಟ್ಟಲೆ ನೆರೆದು ಹಾಡಿದರು, 1991ರಲ್ಲಿ ಸ್ವತಂತ್ರರಾದರು. ಹಾಡಿನಿಂದಲೇ ಸ್ವಾತಂತ್ರ್ಯವು ಬಂದಿತೆಂದು ನಾವು ಹೇಳೆವು. ಕೂಡಿ ಹಾಡಲು ಕಲಿತ ಜನರು ಕೂಡಿ ನಿಲ್ಲಲೂ ಬಲ್ಲರೆಂಬಷ್ಟನ್ನು ಮಾತ್ರ ಹೇಳುವೆವು.

ಆಕ್ಷೇಪಣೆಗಳು ಬರುವವು. ಬ್ಯಾಂಡು ಸೇರಿದರೆ ಭಜನೆಯ ಶುದ್ಧಿಯು ಕೆಡುವದೆಂದು ಹಿರಿಯರು ಕೆಲವರು ಹೇಳಬಹುದು. ಅವರ ಕಳವಳವನ್ನು ನಾವು ಹಗುರಾಗಿ ಎಣಿಸುವದಿಲ್ಲ. ಆದರೆ ಇಂದು ಭಜನೆಯ ಪ್ರಾಣವೆನಿಸಿದ ಪೇಟಿಯಾದರೂ ಎಲ್ಲಿಂದ ಬಂದಿತು? ಅದು ಯುರೋಪದ ವಾದ್ಯ. ಅದರಲ್ಲಿ ನಮ್ಮ ಶ್ರುತಿಗಳು ಹಿಡಿಸಲಾರವೆಂದು ಆಕಾಶವಾಣಿಯು ಸನ್ 1940ರಲ್ಲಿ ಅದನ್ನು ಹೊರಗೆ ಹಾಕಿ, 1971ರ ವರೆಗೆ ಒಳಗೆ ಬಿಡಲಿಲ್ಲ. ಪಂಡಿತರು ವಾದಿಸುತ್ತಿದ್ದ ಆ ಮೂವತ್ತು ವರುಷಗಳಲ್ಲಿಯೂ ನಮ್ಮ ಹಳ್ಳಿಗಳ ಗುಡಿಗಳಲ್ಲಿ ಪೇಟಿಯು ನುಡಿಯುತ್ತಲೇ ಇತ್ತು. ವಾದ್ಯಕ್ಕೆ ಜಾತಿಯಿಲ್ಲ, ನುಡಿಸುವವನ ಮನಸ್ಸಿನಂತೆ ಅದು ನುಡಿಯುವದು.

ಹೊಸ ಹಾಡುಗಳಲ್ಲಿ ಸತ್ವವಿಲ್ಲೆಂಬುದು ಎರಡನೆಯ ಆಕ್ಷೇಪಣೆ. ಜೊಳ್ಳು ಯಾವ ಕಾಲದಲ್ಲಿ ಇರಲಿಲ್ಲ? ಕಾಲವೆಂಬ ಮೊರವು ಹಳೆಯ ಜೊಳ್ಳನ್ನು ತೂರಿ ಹಾಕಿದ್ದರಿಂದ ಹಳೆಯದೆಲ್ಲ ಗಟ್ಟಿಯೆಂದು ನಮಗೆ ತೋರುತ್ತದೆ. ಶರಣರ ವಚನಗಳೂ ದಾಸರ ಪದಗಳೂ ತಮ್ಮ ಕಾಲಕ್ಕೆ ಹೊಸ ರಚನೆಗಳೇ ಆಗಿದ್ದವು. ಶಿಶುನಾಳದ ಶರೀಫ ಸಾಹೇಬರು ತಮ್ಮ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯನ್ನೇ ವಸ್ತುವಾಗಿ ಹಿಡಿದು ತತ್ವಪದವನ್ನು ಕಟ್ಟಿದರು. ಉಗಿಯಂತ್ರದಲ್ಲಿ ಅಧ್ಯಾತ್ಮವನ್ನು ಕಂಡ ಆ ಕಣ್ಣು ಇಂದಿದ್ದರೆ ರಬಕವಿಯ ವಿದ್ಯುತ್ ಮಗ್ಗವನ್ನೂ, ಕಬ್ಬಿನ ಗಾಡಿಗಳ ಸಾಲನ್ನೂ, ತುಬಚಿಯ ಹೆಸರು ಹೊತ್ತು ಬಬಲೇಶ್ವರದ ಒಣಭೂಮಿಗೆ ನೀರನ್ನೆತ್ತುವ ಯೋಜನೆಯನ್ನೂ ಹಾಡಾಗಿಸದೆ ಬಿಡುತ್ತಿತ್ತೇ? ಸನ್ 1978ರಲ್ಲಿ ನಿಸಾರ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರವಿತ್ತ 'ನಿತ್ಯೋತ್ಸವ'ದ ಧ್ವನಿಸುರುಳಿಯು ಹೊರಟು, ಪುಸ್ತಕದೊಳಗಿನ ಕವಿತೆಯು ಮನೆಮನೆಯನ್ನು ಹೊಕ್ಕಿತು. ಸನ್ 2005ರಲ್ಲಿ ಸಿ. ಅಶ್ವತ್ಥರು ಬೆಂಗಳೂರಿನ ಅರಮನೆಯ ಬಯಲಿನಲ್ಲಿ ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಬಂದಿತು. ಒಳ್ಳೆಯ ಹೊಸ ಹಾಡಿಗೆ ಜನರಿಲ್ಲೆಂಬ ಮಾತು ಸುಳ್ಳು.

ಮೇಳವನ್ನು ಕಟ್ಟುವವರಿಗೆ ಕೆಲವು ವ್ಯಾವಹಾರಿಕ ಮಾತುಗಳನ್ನು ಹೇಳುವದು ಅವಶ್ಯವಾಗಿದೆ. ಗಂಡಸರ ಸ್ವರಕ್ಕೂ ಹೆಂಗಸರ ಸ್ವರಕ್ಕೂ ನಾಲ್ಕೈದು ಸ್ವರಗಳ ಅಂತರವಿರುತ್ತದೆ; ಪೇಟಿಯ ಕರಿ ಒಂದು, ಕರಿ ಎರಡರಲ್ಲಿ ಗಂಡಸರು ಸುಖವಾಗಿ ಹಾಡಿದರೆ, ಹೆಂಗಸರಿಗೆ ಬಿಳಿ ಐದರ ಸುತ್ತಲಿನ ಪಟ್ಟಿಯೇ ಹಿತ. ಬ್ಯಾಂಡಿನ ಕ್ಲಾರಿಯೊನೆಟ್ಟು ಹಾಗೂ ಕಹಳೆಗಳಿಗೆ ತಮ್ಮದೇ ಆದ ಪಟ್ಟಿಯಿರುವದು. ಆದ್ದರಿಂದ ಹಾಡನ್ನು ಆರಿಸುವ ಮೊದಲೇ ಶ್ರುತಿಯನ್ನು ನಿರ್ಣಯಿಸಿಕೊಂಡು, ಯಾವ ನುಡಿಯನ್ನು ಯಾರು ಹಾಡಬೇಕೆಂಬುದನ್ನು ಹಂಚಬೇಕು. ಮುದ್ರಿಸುವಾಗ ಕಂಠವು ಮುಂದೆ, ವಾದ್ಯವು ಹಿಂದೆ ಎಂಬ ಸೂತ್ರವನ್ನು ಮರೆಯಬಾರದು. ಹಾಡುಗಾರರು ಅರ್ಧಚಂದ್ರಾಕಾರವಾಗಿ ನಿಂತು, ಕರಡಿ-ಹಲಗಿಗಳು ಹತ್ತು ಹೆಜ್ಜೆ ದೂರವಿದ್ದರೆ ಮಾತು ಸ್ಪಷ್ಟವಾಗಿ ಕೇಳಿಸುವದು. ಹಿಂದಕ್ಕೆ ಒಂದು ತಟ್ಟೆಯ ಒಂದು ಮಗ್ಗುಲಿಗೆ ಮೂರು ಮಿನಿಟಿನಷ್ಟೇ ಹಾಡು ಹಿಡಿಯುತ್ತಿತ್ತು; ಹಾಡುವವರು ದೂರದ ಪಟ್ಟಣಕ್ಕೆ ಹೋಗಬೇಕಾಗುತ್ತಿತ್ತು. ಇಂದು ಶಾಲೆಯ ಒಂದು ಕೋಣೆ, ಒಂದೆರಡು ಒಳ್ಳೆಯ ಮೈಕು, ಕೈಯಲ್ಲಿಯ ಫೋನು ಇಷ್ಟಿದ್ದರೆ ಕೆಲಸವು ಸಾಗುತ್ತದೆ. ಕೊರತೆಯಿರುವದು ಸಾಧನಗಳದ್ದಲ್ಲ, ಅಭ್ಯಾಸದ್ದು.

ಕಾಯದೆಯ ಮಾತನ್ನೂ ಮರೆಯುವಂತಿಲ್ಲ. ಸನ್ 1957ರ ಕೃತಿಸ್ವಾಮ್ಯದ ಕಾಯದೆಯಂತೆ ಕವಿಯ ಹಕ್ಕು ಅವನ ಜೀವಿತಕಾಲವೂ ಆ ಬಳಿಕ 60 ವರುಷವೂ ಇರುತ್ತದೆ. ಹವ್ಯಾಸಿ ಮಂಡಳಿಯೊಂದು ಹಣ ಪಡೆಯದೆ ಸಭಿಕರ ಮುಂದೆ ಹಾಡಿದರೆ, ಇಲ್ಲವೆ ಧರ್ಮಸಂಸ್ಥೆಯ ಸಹಾಯಾರ್ಥವಾಗಿ ಹಾಡಿದರೆ ಕಾಯದೆಯು ಅಡ್ಡಬರುವದಿಲ್ಲ. ಮುದ್ರಿಸಿ ಪ್ರಚುರಪಡಿಸುವದು ಮಾತ್ರ ಬೇರೆಯ ಮಾತು. ಅದಕ್ಕೆ ಕವಿಯ ಹಾಗೂ ಸ್ವರ ಹಾಕಿದವರ ಲಿಖಿತ ಅನುಮತಿಯು ಬೇಕು. ಹಾಡಿದವರಿಗೂ ನುಡಿಸಿದವರಿಗೂ ತಮ್ಮ ಪ್ರದರ್ಶನದ ಮೇಲೆ 50 ವರುಷಗಳ ಹಕ್ಕಿದೆ. ಮುದ್ರಿಕೆಯಿಂದ ವ್ಯಾಪಾರವಾದರೆ ಅದರಲ್ಲಿ ಪಾಲು ಕೇಳುವ ಹಕ್ಕನ್ನು ಸನ್ 2012ರ ತಿದ್ದುಪಡಿಯು ಕೊಟ್ಟಿದೆ. ಆದುದರಿಂದ ಮೇಳವು ಮೊದಲ ದಿನವೇ ಒಂದು ವಹಿಯನ್ನಿಟ್ಟು, ಯಾವ ಹಾಡನ್ನು ಯಾರು ಬರೆದರು, ಯಾರು ಹಾಡಿದರು, ಯಾರು ನುಡಿಸಿದರೆಂಬುದನ್ನು ಬರೆದಿಡತಕ್ಕದ್ದು. ಹೆಸರು ಬರೆದಿಡದ್ದರಿಂದಲೇ ನಮ್ಮ ಜನಪದ ಕಲಾವಿದರ ದುಡಿಮೆಯು ಅನ್ಯರ ಪಾಲಾಗುತ್ತ ಬಂದಿದೆ.

ಈ ಹೆಸರಿನ ಪ್ರಶ್ನೆಯು ಕಾಯದೆಯಷ್ಟಕ್ಕೆ ನಿಲ್ಲುವದಿಲ್ಲ. ನಮ್ಮ ಜಾತ್ರೆಗಳಲ್ಲಿ ಹಲಗಿಯನ್ನು ಬಾರಿಸುವವರನ್ನು ಕರೆಯುತ್ತೇವೆ. ಬಾರಿಸಿದ ಮೇಲೆ ಅವರಿಗೆ ಪಂಕ್ತಿಯಲ್ಲಿ ಸ್ಥಳವಿತ್ತೇ? ಅವರ ನಾದವು ಗುಡಿಯೊಳಗೆ ಹೋಗಬಹುದು, ಅವರು ಮಾತ್ರ ಹೊರಗೆ ನಿಲ್ಲಬೇಕೆಂಬ ಅನ್ಯಾಯವು ಎಷ್ಟು ಕಾಲ ನಡೆಯಿತು, ಕೆಲವೆಡೆ ಇಂದಿಗೂ ಎಷ್ಟು ಉಳಿದಿದೆ ಎಂಬುದನ್ನು ಪ್ರತಿಯೊಂದು ಊರೂ ತನ್ನ ಎದೆಯನ್ನು ಮುಟ್ಟಿ ಕೇಳಿಕೊಳ್ಳಲಿ. ಹಾಡಿನ ಮೇಳದಲ್ಲಿ ನೆರೆಯವನ ಸ್ವರವನ್ನು ಕೇಳದೆ ತನ್ನ ಸ್ವರವನ್ನು ಹಚ್ಚುವದು ಅಸಾಧ್ಯ. ಹೆಗಲಿಗೆ ಹೆಗಲು ತಾಗದೆ ಮೇಳವಿಲ್ಲ. ಹಲಗಿಯವನೂ ಪೇಟಿಯವನೂ ಗೌಡರ ಮನೆಯ ಸೊಸೆಯೂ ಕಬ್ಬು ಕಡಿಯುವ ಹೆಣ್ಣುಮಗಳೂ ಒಂದೇ ಸಾಲಿನಲ್ಲಿ ನಿಂತು ಹಾಡದಿದ್ದರೆ, ಅಂಥ ಮೇಳವನ್ನು ಕಟ್ಟುವದಕ್ಕಿಂತ ಕಟ್ಟದಿರುವದೇ ಲೇಸು.

ಈ ಕಾರ್ಯವು ತೀವ್ರವಾಗಿ ಆಗಬೇಕೆಂದು ನಾವು ಹೇಳುವದಕ್ಕೆ ಇನ್ನೊಂದು ಕಾರಣವಿದೆ. ಕೃಷ್ಣೆಯು ಈ ನಾಡಿಗೆ ಅನ್ನವಿಟ್ಟವಳು. 2009ರಲ್ಲಿ, 2019ರಲ್ಲಿ ಊರುಗಳನ್ನು ಮುಳುಗಿಸಿದವಳೂ ಅವಳೇ. ಆಲಮಟ್ಟಿಯ ಹಿನ್ನೀರಿಗಾಗಿ ಬೀಳಗಿ-ಬಾಗಲಕೋಟೆಗಳ ಕಡೆಯ ಎಷ್ಟೋ ಹಳ್ಳಿಗಳು ಸ್ಥಳಬಿಟ್ಟು ಎದ್ದವು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ನ್ಯಾಯಾಧಿಕರಣವು ಸನ್ 2010ರಲ್ಲಿ ತೀರ್ಪಿತ್ತಿದೆ. ಅದು ಜಾರಿಯಾದರೆ ಇನ್ನಷ್ಟು ಊರುಗಳು ಏಳಬೇಕಾಗುವದು. ಮುಳುಗುವ ಹೊಲಕ್ಕೆ ಎಕರೆಯ ಲೆಕ್ಕದಲ್ಲಿ, ಮನೆಗೆ ಚದರಿನ ಲೆಕ್ಕದಲ್ಲಿ ಪರಿಹಾರವಿದೆ. ಗುಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದ ಮೇಳವು ಮೂರು ಪುನರ್ವಸತಿ ಕೇಂದ್ರಗಳಲ್ಲಿ ಹರಿದು ಹಂಚಿಹೋದರೆ ಅದಕ್ಕೆ ಯಾವ ಅಧಿಕಾರಿಯು ಬೆಲೆ ಕಟ್ಟಬಲ್ಲನು? ಊರು ಏಳುವ ಮೊದಲು ಊರಿನ ಹಾಡನ್ನಾದರೂ ಮುದ್ರಿಸಿಕೊಳ್ಳಬೇಕು. ಊರು ಏಳುವ ದುಃಖವನ್ನು ಹೊಸ ಹಾಡಾಗಿ ಕಟ್ಟಬೇಕು. ಹೊಸ ನೆಲದಲ್ಲಿ ಹಳೆಯ ನೆರೆಹೊರೆಯವರನ್ನು ವಾರಕ್ಕೊಮ್ಮೆ ಒಂದೆಡೆ ಕೂಡಿಸಲು ಹಾಡಿಗಿಂತ ಸುಲಭವಾದ ನೆಪವು ಬೇರೊಂದಿಲ್ಲ.

ಇದಕ್ಕೆ ಬೇಕಾದ ಹಣವು ಹೆಚ್ಚಿನದಲ್ಲ. ಒಂದು ಮೆರವಣಿಗೆಯ ಧ್ವನಿವರ್ಧಕಗಳಿಗೆ ಸುರಿಯುವ ಹಣವನ್ನು ಉಳಿಸಿದರೆ ಪೇಟಿಯನ್ನೂ ಮೈಕನ್ನೂ ಕೊಳ್ಳಬಹುದು. ಗ್ರಾಮ ಪಂಚಾಯತಿಯವರು ಸಮುದಾಯ ಭವನದ ಕೀಲಿಯನ್ನು ವಾರಕ್ಕೆ ಎರಡು ಸಂಜೆ ಕೊಡಲಿ. ಸಕ್ಕರೆ ಕಾರಖಾನೆಗಳೂ ಸಹಕಾರಿ ಸಂಘಗಳೂ ತಮ್ಮ ವಾರ್ಷಿಕ ಸಭೆಗಳಲ್ಲಿ ಊರಿನ ಮೇಳಕ್ಕೇ ವೀಳ್ಯವನ್ನು ಕೊಡಲಿ. ಶಾಲೆಯ ಉಪಾಧ್ಯಾಯರು ಸ್ವರ ಕಲಿಸಲಿ. ನಮ್ಮ ತರುಣ ಕವಿಗಳು ಸಭೆಗಳಿಗಾಗಿ ಬರೆಯುವದನ್ನು ಕೊಂಚ ಬಿಟ್ಟು ಬಾಯಿಗಾಗಿ ಬರೆಯಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳು ಉತ್ಸವಕ್ಕೆ ಹೊರಗಿನ ಹೆಸರುವಾಸಿಗಳನ್ನು ಕರೆಯಿಸುವಾಗ, ಮೊದಲ ಒಂದು ತಾಸನ್ನು ಆಯಾ ಊರಿನ ಮೇಳಕ್ಕೆ ಮೀಸಲಿಡಬೇಕೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.

ಕೋಟಿ ಕಂಠಗಳನ್ನು ಒಂದು ದಿನ ಹಾಡಿಸುವದು ಸರಕಾರಕ್ಕೆ ಸಾಧ್ಯವಾಯಿತು. ನಾಲ್ವತ್ತು ಕಂಠಗಳನ್ನು ವರುಷವಿಡೀ ಹಾಡಿಸುವದು ಊರಿನವರಿಂದಲೇ ಆಗತಕ್ಕ ಕೆಲಸ. ಈ ಸಲದ ಸುಗ್ಗಿ ಮುಗಿಯುವದರೊಳಗೆ ತುಬಚಿಯ ಸುತ್ತಲಿನ ಹತ್ತು ಊರುಗಳಲ್ಲಿಯಾದರೂ ಇದು ಆರಂಭವಾಗಲಿ. ಮುಂದಿನ ಜಾತ್ರೆಯ ಮೆರವಣಿಗೆಯಲ್ಲಿ ಪೆಟ್ಟಿಗೆಗಳ ಬದಲು ಮನುಷ್ಯರು ಹಾಡಲಿ.